ಕಪ್ಪಿನೊಳಗಿನ ಮೆಟ್ಟಿಲುಗಳು

ಇಂಕ್‌ಜೆಟ್ ಯಂತ್ರದಿಂದ ಶುದ್ಧವಾದ ಕಪ್ಪು-ಬಿಳುಪು ಛಾಯಾಚಿತ್ರವನ್ನು ಪಡೆಯುವ ಬಗೆ ಮತ್ತು ಅದಕ್ಕಾಗಿಯೇ ರೂಪುಗೊಂಡ ತಂತ್ರಾಂಶಗಳ ವಿಚಾರ

ಬಣ್ಣದ ಚಿತ್ರವನ್ನು ನಿರಾಯಾಸವಾಗಿ, ನೋಡಿದವರು ಮೆಚ್ಚುವಂತೆ ಅಚ್ಚು ಹಾಕಿಕೊಡುವ ಇಂಕ್‌ಜೆಟ್ ಪ್ರಿಂಟರು ಕಪ್ಪು-ಬಿಳುಪಿನ ಛಾಯಾಚಿತ್ರವೊಂದನ್ನು ಕೊಟ್ಟೊಡನೆ ತಡವರಿಸತೊಡಗುವುದನ್ನು ಆ ಯಂತ್ರವನ್ನು ಬಳಸಿದವರೆಲ್ಲರೂ ಬಲ್ಲರು. ಅಜ್ಜನ ಹಣೆಯ ಮೇಲಿನ ನೆರಳು ಹಸಿರಿಗೆ ತಿರುಗುತ್ತದೆ. ಬಿಳಿಯ ಪಂಚೆಯ ನೆರಿಗೆಗಳಲ್ಲಿ ನಸುಗೆಂಪು ಇಣುಕುತ್ತದೆ. ಹಗಲಿನಲ್ಲಿ ಕಿಟಕಿಯ ಬಳಿ ಒಂದು ಬಗೆಯಾಗಿ ತೋರಿದ ಚಿತ್ರ ರಾತ್ರಿ ದೀಪದ ಕೆಳಗೆ ಇನ್ನೊಂದು ಬಗೆಯಾಗಿ ತೋರುತ್ತದೆ. ನೆರಳಿನ ಆಳದಲ್ಲಿ ಇರಬೇಕಾದ ವಿವರಗಳೆಲ್ಲ ಒಂದೇ ಕಪ್ಪು ಮಡುವಿನಲ್ಲಿ ಮುಳುಗಿಹೋಗುತ್ತವೆ. ಬಣ್ಣವೇ ಇಲ್ಲದ ಚಿತ್ರವನ್ನು ಅಚ್ಚು ಹಾಕುವುದು ಬಣ್ಣದ ಚಿತ್ರವನ್ನು ಅಚ್ಚು ಹಾಕುವುದಕ್ಕಿಂತ ಸುಲಭವಾಗಿರಬೇಕಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜವೇ ಆದರೂ ವಸ್ತುಸ್ಥಿತಿ ಅದಕ್ಕೆ ವಿಪರೀತವಾಗಿರುತ್ತದೆ. ವರ್ಣಚಿತ್ರದಲ್ಲಿ ಎಲೆಯ ಹಸಿರು ತುಸು ಹೆಚ್ಚಿದರೂ ಆಕಾಶದ ನೀಲಿ ತುಸು ಕುಗ್ಗಿದರೂ ನಮ್ಮ ಕಣ್ಣು ಅದನ್ನು ಔದಾರ್ಯದಿಂದ ಒಪ್ಪಿಕೊಳ್ಳುತ್ತದೆ. ಬೂದುಬಣ್ಣದಲ್ಲಿ ಮಾತ್ರ ಎಳ್ಳಷ್ಟು ಅನ್ಯವರ್ಣ ಸೇರಿದರೂ ಅದೇ ಕಣ್ಣು ಕೂಡಲೇ ಅದನ್ನು ಗುರುತಿಸಿ ಆಕ್ಷೇಪಿಸುತ್ತದೆ.

ಈ ತೊಡಕನ್ನು ಬಿಡಿಸುವ ಸಲುವಾಗಿ ಕಳೆದ ಮೂರು ದಶಕಗಳಲ್ಲಿ ಕೆಲವರು ಶ್ರದ್ಧಾವಂತರು ವಿಶೇಷವಾದ ಇಂಕುಗಳನ್ನೂ ಆ ಇಂಕುಗಳನ್ನು ಹದವರಿತು ನಡೆಸುವ ತಂತ್ರಾಂಶಗಳನ್ನೂ ರೂಪಿಸಿದರು. ಅವರ ಪರಿಶ್ರಮದ ಸಾರವನ್ನು ಸಂಗ್ರಹವಾಗಿ ಹೇಳುವುದಾದರೆ ಇಷ್ಟು: ಬೂದನ್ನು ಬಣ್ಣಗಳ ಸಂಧಾನದಿಂದ ಪಡೆಯುವುದಕ್ಕಿಂತ ಕಪ್ಪಿನ ಹಲವು ಸಾಂದ್ರತೆಗಳಿಂದಲೇ ಕಟ್ಟುವುದು ಮೇಲು, ಹಾಗೆ ಕಟ್ಟಬೇಕಾದರೆ ಯಂತ್ರ ಏನು ಮಾಡುವುದೆಂದು ಊಹಿಸದೆ, ಅದು ಕಾಗದದ ಮೇಲೆ ಏನು ಮಾಡಿತೆಂಬುದನ್ನು ಅಳೆಯಬೇಕು, ಅಳತೆ ಮುಗಿದ ಮೇಲೆ ನಿರ್ಣಯವನ್ನು ಕಣ್ಣಿಗೂ ಮನಸ್ಸಿಗೂ ಬಿಡಬೇಕು. ಈ ಮೂರು ಮಾತುಗಳ ಹಿಂದಿರುವ ಕಾರಣಗಳು ಛಾಯಾಚಿತ್ರವನ್ನು ಪ್ರೀತಿಸುವ ಪ್ರತಿಯೊಬ್ಬರೂ ತಿಳಿಯತಕ್ಕವು.

ಬೂದು ಹುಟ್ಟುವ ಬಗೆ

ಸಾಮಾನ್ಯವಾದ ಇಂಕ್‌ಜೆಟ್ ಯಂತ್ರದ ಸಂಪತ್ತು ನಾಲ್ಕು ಇಂಕುಗಳು: ಸಯಾನ್, ಮೆಜೆಂಟಾ, ಹಳದಿ ಮತ್ತು ಕಪ್ಪು. ಬೂದು ಎಂಬ ಇಂಕು ಅದರಲ್ಲಿ ಇರುವುದಿಲ್ಲ. ಹನಿಯ ಗಾತ್ರದಲ್ಲಿ ಎರಡು ಮೂರು ಬಗೆಗಳನ್ನು ಅದು ತರಬಲ್ಲುದಾದರೂ ಕಾಗದದ ಯಾವುದೇ ಒಂದು ಬಿಂದುವಿನಲ್ಲಿ ಹನಿ ಬೀಳಬೇಕೋ ಬೀಳಬಾರದೋ ಎಂಬುದೇ ಅದರ ಮುಖ್ಯವಾದ ನಿರ್ಧಾರ. ಬೆಳ್ಳಿಯ ಲವಣವನ್ನು ಲೇಪಿಸಿದ ಹಿಂದಿನ ಕಾಗದದಲ್ಲಿ ಬೆಳಕು ಎಷ್ಟು ಬಿದ್ದಿತೋ ಅಷ್ಟಕ್ಕೆ ತಕ್ಕಂತೆ ಬೆಳ್ಳಿ ಕಪ್ಪಾಗಿ, ಬಿಳುಪಿನಿಂದ ಕಪ್ಪಿನವರೆಗಿನ ಛಾಯೆಗಳು ಒಡಕಿಲ್ಲದೆ ಹರಿಯುತ್ತಿದ್ದವು. ಇಂಕ್‌ಜೆಟ್ ಯಂತ್ರವಾದರೋ ಆ ಅಖಂಡ ಪ್ರವಾಹವನ್ನು ಬಿಂದುಗಳ ವಿರಳತೆ ಮತ್ತು ಸಾಂದ್ರತೆಗಳಿಂದ ಅನುಕರಿಸಬೇಕು. ಯಾವ ಬಿಂದುವನ್ನು ಇಡಬೇಕು, ಯಾವುದನ್ನು ಬಿಡಬೇಕು, ಒಂದೆಡೆ ಉಳಿದ ಹೆಚ್ಚು ಕಡಿಮೆಯನ್ನು ನೆರೆಯ ಬಿಂದುಗಳಿಗೆ ಹೇಗೆ ಹಂಚಬೇಕು ಎಂಬ ಗಣಿತವನ್ನು ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿಸ್ ಸ್ಟೈನ್‌ಬರ್ಗ್ ಎಂಬಿಬ್ಬರು 1976ರಲ್ಲಿ ಪ್ರಕಟಿಸಿದರು. ಇಂದಿಗೂ ಅನೇಕ ಮುದ್ರಣ ತಂತ್ರಾಂಶಗಳ ಬುಡದಲ್ಲಿ ಅದೇ ವಿಚಾರದ ಯಾವುದಾದರೊಂದು ರೂಪ ಕೆಲಸ ಮಾಡುತ್ತಿರುತ್ತದೆ.

ಹನಿಗಳನ್ನು ಚಿಮ್ಮಿಸುವ ಕ್ರಮದಲ್ಲಿಯೂ ಭೇದಗಳುಂಟು. ಕ್ಯಾನನ್ ಮತ್ತು ಎಚ್‌ಪಿ ಯಂತ್ರಗಳಲ್ಲಿ ಇಂಕನ್ನು ಕ್ಷಣಮಾತ್ರ ಕಾಯಿಸಿ, ಅಲ್ಲಿ ಏಳುವ ಗುಳ್ಳೆಯ ಒತ್ತಡದಿಂದ ಹನಿಯನ್ನು ಹೊರದೂಡುತ್ತಾರೆ. ಎಪ್ಸನ್ ಯಂತ್ರಗಳು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದ ತತ್ತ್ವವೊಂದನ್ನು ಆಶ್ರಯಿಸಿವೆ: ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ, ಅಂಥ ವಸ್ತುವಿಗೆ ವಿದ್ಯುತ್ತನ್ನು ಕೊಟ್ಟರೆ ಅದರ ಆಕಾರ ತುಸು ಬದಲಾಗಿ ಇಂಕನ್ನು ತಳ್ಳುತ್ತದೆ. ಇಲ್ಲಿ ಶಾಖದ ಪ್ರಸಕ್ತಿಯೇ ಇಲ್ಲದಿರುವುದರಿಂದ ಬಗೆಬಗೆಯ ಇಂಕುಗಳನ್ನು ಪ್ರಯೋಗಿಸುವುದಕ್ಕೆ ಅವಕಾಶ ಹೆಚ್ಚು. ಕಪ್ಪು-ಬಿಳುಪಿನ ಪ್ರಯೋಗಶೀಲರು ಬಹುಮಟ್ಟಿಗೆ ಎಪ್ಸನ್ ಯಂತ್ರಗಳ ಸುತ್ತಲೇ ನೆರೆದುದಕ್ಕೆ ಇದೂ ಒಂದು ಕಾರಣ. ಉತ್ತಮ ಯಂತ್ರವೊಂದರ ಅತಿ ಸಣ್ಣ ಹನಿ 3.5 ಪಿಕೋಲೀಟರಿನಷ್ಟು; ಪಿಕೋಲೀಟರ್ ಎಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಹನಿ ಇಷ್ಟು ಸೂಕ್ಷ್ಮವಾಗಿದ್ದರೂ, ಕೇವಲ ಕಪ್ಪು ಇಂಕಿನಿಂದ ತಿಳಿಯಾದ ಬೂದನ್ನು ತೋರಿಸಹೊರಟರೆ ಕಷ್ಟ ತಪ್ಪಿದ್ದಲ್ಲ. ಬಿಳಿಯ ಬಟ್ಟೆಯ ಮೇಲೆ ವಿರಳವಾಗಿ ಚೆಲ್ಲಿದ ಸಾಸಿವೆ ದೂರದಿಂದ ಬೂದಾಗಿ ತೋರೀತಾದರೂ ಹತ್ತಿರ ಬಂದವನಿಗೆ ಕಾಳು ಕಾಳಾಗಿಯೇ ಕಾಣುವಂತೆ, ಕೆನ್ನೆಯ ಹೊಳಪಿನಲ್ಲಿ, ಮೋಡದ ಅಂಚಿನಲ್ಲಿ ಆ ಕರಿಯ ಚುಕ್ಕೆಗಳು ಬಿಡಿಬಿಡಿಯಾಗಿ ಕಂಡು ಚಿತ್ರವನ್ನು ಒರಟಾಗಿಸುತ್ತವೆ. ಇದನ್ನು ತಪ್ಪಿಸುವುದಕ್ಕೆ ಯಂತ್ರದೊಡನೆ ಬರುವ ಸಾಮಾನ್ಯ ಡ್ರೈವರ್ ತಂತ್ರಾಂಶ ಒಂದು ಉಪಾಯ ಹೂಡುತ್ತದೆ: ಸಯಾನ್, ಮೆಜೆಂಟಾ, ಹಳದಿಗಳನ್ನು ಸಮತೂಕದಲ್ಲಿ ಬೆರೆಸಿದರೆ ಬೂದು ದೊರೆಯುವುದಲ್ಲವೆ ಎಂದು ಭಾವಿಸಿ, ತಿಳಿಯಾದ ಭಾಗಗಳನ್ನೆಲ್ಲ ಬಣ್ಣದ ಇಂಕುಗಳಿಂದಲೇ ತುಂಬುತ್ತದೆ. ಆ ಸಮತೂಕ ಎಲ್ಲಿಯವರೆಗೆ ನಿಂತಿರುವುದೋ ಅಲ್ಲಿಯವರೆಗೆ ಎಲ್ಲವೂ ಸರಿ. ಕಾಗದ ಬದಲಾದರೆ, ಒಂದು ನಾಝಲ್ ಅರ್ಧ ಕಟ್ಟಿಕೊಂಡರೆ, ಕಾರ್ಟ್ರಿಜ್ ಹೊಸದಾದರೆ, ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಬೂದಿನೊಳಗೆ ಅಡಗಿದ್ದ ಬಣ್ಣ ಹೊರಗೆ ಬರುತ್ತದೆ.

ಇನ್ನೊಂದು ದೋಷ ಇದಕ್ಕಿಂತ ಗಹನವಾದುದು. ಮೂರು ವರ್ಣದ್ರವ್ಯಗಳ ಮಿಶ್ರಣದಿಂದ ಹುಟ್ಟಿದ ಬೂದು ಒಂದು ಬಗೆಯ ಬೆಳಕಿನಲ್ಲಿ ಮಾತ್ರ ಬೂದಾಗಿರುತ್ತದೆ. ಪ್ರತಿಯೊಂದು ವರ್ಣದ್ರವ್ಯವೂ ಬೆಳಕಿನ ಬೇರೆ ಬೇರೆ ಅಲೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಂದಿರುಗಿಸುವುದರಿಂದ, ಬೆಳಕಿನ ಮೂಲ ಬದಲಾದೊಡನೆ ಅವುಗಳ ಒಡಂಬಡಿಕೆ ಮುರಿಯುತ್ತದೆ. 2000ದಲ್ಲಿ ಹೊರಬಂದ ಎಪ್ಸನ್ ಸ್ಟೈಲಸ್ ಫೋಟೋ 2000ಪಿ ಎಂಬ ಯಂತ್ರ ದೀರ್ಘಕಾಲ ಬಾಳುವ ವರ್ಣಕಣದ ಇಂಕುಗಳನ್ನು ಮನೆಯ ಮೇಜಿನ ಮೇಲಕ್ಕೆ ತಂದ ಕೀರ್ತಿಗೆ ಪಾತ್ರವಾಯಿತು. ಅದರೊಡನೆಯೇ, ಕೋಣೆಯ ದೀಪದಲ್ಲಿ ಸಮವಾಗಿ ತೋರಿದ ಅದರ ಬೂದುಬಣ್ಣ ಹಗಲಿನ ಬೆಳಕಿಗೆ ಬಂದೊಡನೆ ಹಸಿರಾಗುವುದೆಂಬ ದೂರಿಗೂ ಗುರಿಯಾಯಿತು. ಪ್ರಾಮಾಣಿಕವಾದ ಬೂದು ಬೇಕೆಂಬವರು ಬಣ್ಣಗಳ ಮಿಶ್ರಣವನ್ನು ಆದಷ್ಟೂ ತೊರೆಯಬೇಕೆಂಬ ಪಾಠ ಇಂಥ ಅನುಭವಗಳಿಂದ ದೃಢವಾಯಿತು.

ಅಳತೆಯ ಪರಂಪರೆ

ಕಾಗದದ ಮೇಲಿನ ಕಪ್ಪನ್ನು ಅಳೆಯಬೇಕೆಂಬ ವಿಚಾರ ಗಣಕಯಂತ್ರದೊಡನೆ ಹುಟ್ಟಿದುದೆಂದು ತಿಳಿಯಬಾರದು. ಫರ್ಡಿನಾಂಡ್ ಹರ್ಟರ್ ಎಂಬ ರಸಾಯನಶಾಸ್ತ್ರಜ್ಞನೂ ವೀರೋ ಡ್ರಿಫೀಲ್ಡ್ ಎಂಬ ಎಂಜಿನಿಯರನೂ ಇಂಗ್ಲೆಂಡಿನಲ್ಲಿ ಜೊತೆಗೂಡಿ ದುಡಿದು, ಬಿದ್ದ ಬೆಳಕಿಗೂ ಉಂಟಾದ ಕಪ್ಪಿಗೂ ಇರುವ ಸಂಬಂಧವನ್ನು ವಕ್ರರೇಖೆಯೊಂದರಲ್ಲಿ ತೋರಿಸಬಹುದೆಂದು 1890ರಲ್ಲಿ ಪ್ರಕಟಿಸಿದರು. ಅದುವರೆಗೆ ಅಭ್ಯಾಸದ ಬಲದಿಂದಲೂ ಅದೃಷ್ಟದ ಬಲದಿಂದಲೂ ನಡೆಯುತ್ತಿದ್ದ ಕಸುಬಿಗೆ ಅಂದಿನಿಂದ ಶಾಸ್ತ್ರದ ಆಧಾರ ದೊರೆಯಿತು. ಅರ್ಧ ಶತಮಾನದ ತರುವಾಯ ಅಮೆರಿಕದ ಆನ್ಸೆಲ್ ಆಡಮ್ಸ್, ಫ್ರೆಡ್ ಆರ್ಚರ್ ಎಂಬ ಸಹೋದ್ಯೋಗಿಯೊಡನೆ ಕೂಡಿ, ಅದೇ ತತ್ತ್ವವನ್ನು ಛಾಯಾಗ್ರಾಹಕನ ಕೈಗೆಟುಕುವಂತೆ ವಲಯಗಳ ಪದ್ಧತಿಯಾಗಿ ರೂಪಿಸಿದನು. ಯೌವನದಲ್ಲಿ ಪಿಯಾನೋ ಅಭ್ಯಾಸ ಮಾಡಿದ್ದ ಆಡಮ್ಸ್ ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ ಪ್ರಿಂಟನ್ನು ಅದರ ಗಾಯನಕ್ಕೂ ಹೋಲಿಸುತ್ತಿದ್ದುದು ಸುಪ್ರಸಿದ್ಧವಾಗಿದೆ. ಆ ಹೋಲಿಕೆಯನ್ನು ಒಪ್ಪುವವರು ಯಂತ್ರ ತನಗೆ ತೋರಿದಂತೆ ಹಾಡಲಿ ಎಂದು ಕೈಕಟ್ಟಿ ಕೂರಲಾರರು.

ಇಂಕ್‌ಜೆಟ್ ಯಂತ್ರ ಕಲೆಯ ಕ್ಷೇತ್ರವನ್ನು ಪ್ರವೇಶಿಸಿದುದೂ ಕಪ್ಪು-ಬಿಳುಪಿನ ನಂಟಿನಿಂದಲೇ ಎಂಬುದು ಸ್ಮರಣೀಯವಾದ ಸಂಗತಿ. ಐರಿಸ್ ಗ್ರಾಫಿಕ್ಸ್ ಎಂಬ ಸಂಸ್ಥೆಯ 3047 ಎಂಬ ಬೃಹತ್ ಯಂತ್ರ ಅಚ್ಚುಕೂಟಗಳಲ್ಲಿ ಬಣ್ಣದ ಕರಡು ತೆಗೆಯುವುದಕ್ಕಾಗಿ ತಯಾರಾದುದು. ಗಾಯಕನೆಂದು ಪ್ರಖ್ಯಾತನಾಗಿದ್ದು ಛಾಯಾಗ್ರಹಣದಲ್ಲಿಯೂ ನಿಷ್ಠೆಯಿಂದ ತೊಡಗಿದ್ದ ಗ್ರಹಾಂ ನ್ಯಾಷ್ ತನ್ನ ಕಪ್ಪು-ಬಿಳುಪಿನ ಭಾವಚಿತ್ರಗಳನ್ನು ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಲು ಈ ಯಂತ್ರವನ್ನು ಪಳಗಿಸಿ, 1991ರಲ್ಲಿ ಮ್ಯಾಕ್ ಹಾಲ್ಬರ್ಟ್ ಎಂಬ ಮಿತ್ರನೊಡನೆ ಕ್ಯಾಲಿಫೋರ್ನಿಯದಲ್ಲಿ ನ್ಯಾಷ್ ಎಡಿಷನ್ಸ್ ಎಂಬ ಮುದ್ರಣಶಾಲೆಯನ್ನು ತೆರೆದನು. ಲಕ್ಷ ಡಾಲರುಗಳಿಗೂ ಮಿಕ್ಕಿದ ಬೆಲೆಯ ಆ ಮೊದಲ ಯಂತ್ರ 2005ರಲ್ಲಿ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು. ಆದರೆ ಐರಿಸ್ ಯಂತ್ರದ ಇಂಕುಗಳು ನೀರಿನಲ್ಲಿ ಕರಗುವ ರಂಗುಗಳಾದುದರಿಂದ ಬೆಳಕಿಗೆ ಬೇಗನೆ ಮಾಸುತ್ತಿದ್ದವು.

ಅಮೆರಿಕದ ಈಶಾನ್ಯದಲ್ಲಿರುವ ವರ್ಮಾಂಟ್ ಪ್ರಾಂತ್ಯದ ಮುದ್ರಣಕಾರ ಜಾನ್ ಕೋನ್ ಬೂದಿನಲ್ಲಿ ಬಣ್ಣ ಇಣುಕುವುದು, ಇಂಕು ಬೇಗ ಮಾಸುವುದು ಎಂಬ ಎರಡು ಕೊರತೆಗಳಿಗೂ ಒಟ್ಟಿಗೆ ಉತ್ತರ ಹುಡುಕಿದನು. ಬಣ್ಣದ ಇಂಕುಗಳ ಸ್ಥಾನದಲ್ಲಿ, ಒಂದೇ ಕಪ್ಪನ್ನು ಬೇರೆ ಬೇರೆ ಪ್ರಮಾಣದಲ್ಲಿ ತಿಳಿಗೊಳಿಸಿದ ಹಲವು ಇಂಕುಗಳನ್ನು ತುಂಬಿ, ಅವುಗಳಿಗೆ ಹೊಂದುವ ತಂತ್ರಾಂಶವನ್ನೂ ಕೂಡಿಸಿ, 2000ದ ಹೊತ್ತಿಗೆ ಪೀಝೋಗ್ರಫಿ ಎಂಬ ಹೆಸರಿನಲ್ಲಿ ಹೊರತಂದನು. ಮೊದಲು ನಾಲ್ಕು ಛಾಯೆಗಳಿದ್ದ ಈ ಪದ್ಧತಿ ಮುಂದೆ ಏಳು ಛಾಯೆಗಳವರೆಗೆ ಬೆಳೆಯಿತು. ಕ್ಯಾಲಿಫೋರ್ನಿಯದ ಪಾಲ್ ರೋರ್ಕ್ ಶುದ್ಧವಾದ ಇಂಗಾಲದ ಕಣಗಳಿಂದಲೇ ಇಂಥ ಇಂಕುಗಳನ್ನು ಬೆರೆಸುವ ಕ್ರಮವನ್ನು ಶೋಧಿಸಿ, ತಾನು ಕಂಡ ಪ್ರಮಾಣಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಲೆಂದು ಮುಕ್ತವಾಗಿ ಹಂಚಿದನು. ದೊಡ್ಡ ಸಂಸ್ಥೆಗಳೂ ಈ ದಾರಿಯನ್ನು ಗಮನಿಸದಿರಲಿಲ್ಲ. 2005ರಲ್ಲಿ ಎಪ್ಸನ್ ತನ್ನ ಆರ್2400 ಮೊದಲಾದ ಯಂತ್ರಗಳಲ್ಲಿ ಕಪ್ಪು, ತಿಳಿಗಪ್ಪು, ಅತಿ ತಿಳಿಗಪ್ಪು ಎಂಬ ಮೂರು ಕಪ್ಪುಗಳನ್ನು ಒಟ್ಟಿಗೆ ಅಳವಡಿಸಿ, ಅವನ್ನೇ ಪ್ರಧಾನವಾಗಿ ಬಳಸಿ ಬಣ್ಣಗಳನ್ನು ಛಾಯೆ ತಿದ್ದುವ ಮಟ್ಟಿಗೆ ಮಾತ್ರ ಸೇರಿಸುವ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಎಂಬ ವಿಧಾನವನ್ನು ಡ್ರೈವರಿನೊಳಗೇ ಇಟ್ಟಿತು. ಕ್ಯಾನನ್ ಮತ್ತು ಎಚ್‌ಪಿ ಸಂಸ್ಥೆಗಳೂ ಬೂದು ಇಂಕುಗಳಿರುವ ಯಂತ್ರಗಳನ್ನು ಹೊರತಂದವು.

ತಂತ್ರಾಂಶ ಮಾಡುವ ಕೆಲಸ

ಹಲವು ಕಪ್ಪುಗಳು ಕೈಗೆ ಬಂದ ಮೇಲೆ ಅವನ್ನು ಎಲ್ಲಿ ಎಷ್ಟು ಬಳಸಬೇಕೆಂಬುದು ಉಳಿದ ಪ್ರಶ್ನೆ. ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟದ್ದು ರಾಯ್ ಹ್ಯಾರಿಂಗ್ಟನ್ ರಚಿಸಿದ ಕ್ವಾಡ್‌ಟೋನ್ ರಿಪ್ ಎಂಬ ತಂತ್ರಾಂಶ. 2000ದ ದಶಕದ ಮೊದಲ ವರ್ಷಗಳಲ್ಲಿ ಬಳಕೆಗೆ ಬಂದ ಇದನ್ನು ಮೊದಲು ಪ್ರಯೋಗಿಸಿ ನೋಡಿ, ಒಪ್ಪಿಗೆಯಾದರೆ 50 ಡಾಲರುಗಳನ್ನು ಸಲ್ಲಿಸಬಹುದೆಂಬ ಏರ್ಪಾಡಿತ್ತು. ಯಂತ್ರದ ಪ್ರತಿಯೊಂದು ಇಂಕನ್ನೂ ಬಿಡಿಬಿಡಿಯಾಗಿ ಆಳುವ ಅಧಿಕಾರವನ್ನು ಇದು ಮುದ್ರಿಸುವವನಿಗೆ ಕೊಡುತ್ತದೆ. ಪ್ರತಿ ಕಾಗದಕ್ಕೂ ಬೇಕಾದ ಸೂತ್ರಗಳು ಸಾದಾ ಅಕ್ಷರಗಳ ಕಡತದಲ್ಲಿ ಇರುವುದರಿಂದ, ಅವನ್ನು ತೆರೆದು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ತಯಾರಕರು ಮುಚ್ಚಿಟ್ಟ ಪೆಟ್ಟಿಗೆಯನ್ನು ನಂಬಿ ಕೂರುವುದಕ್ಕೂ, ಪೆಟ್ಟಿಗೆಯನ್ನು ತೆರೆದು ಒಳಗಿನ ಯುಕ್ತಿಯನ್ನು ಅರಿಯುವುದಕ್ಕೂ ಇರುವ ಅಂತರ ವಿದ್ಯೆಯ ದೃಷ್ಟಿಯಿಂದ ಬಹಳ ದೊಡ್ಡದು.

ಈ ತಂತ್ರಾಂಶದ ಕಾರ್ಯವನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಿ ನೋಡಬಹುದು. ಮೊದಲನೆಯದು ಇಂಕಿನ ಮಿತಿಯನ್ನು ಗೊತ್ತುಮಾಡುವುದು. ಕಾಗದ ಕುಡಿಯಬಲ್ಲ ಇಂಕಿಗೆ ಒಂದು ಎಲ್ಲೆಯುಂಟು. ಆ ಎಲ್ಲೆಯನ್ನು ಮೀರಿ ಸುರಿದ ಇಂಕು ಕಪ್ಪನ್ನು ಹೆಚ್ಚಿಸದೆ, ಕಾಗದದ ಮೇಲೆ ಮಡುಗಟ್ಟಿ ಅಂಚುಗಳನ್ನು ಕೆಡಿಸುತ್ತದೆ. ಕೆಲವು ಕಾಗದಗಳ ಮೇಲೆ ಕಪ್ಪು ಹಿಂದಕ್ಕೆ ಸರಿಯುವುದೂ ಉಂಟು. ಆದುದರಿಂದ ಪ್ರತಿಯೊಂದು ಇಂಕನ್ನೂ ಸೊನ್ನೆಯಿಂದ ನೂರರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಅಚ್ಚು ಹಾಕಿ, ಯಾವ ಮೆಟ್ಟಿಲಿನಿಂದಾಚೆಗೆ ಸಾಂದ್ರತೆ ಏರುವುದು ನಿಲ್ಲುವುದೋ ಅಲ್ಲಿಗೆ ಕಟ್ಟೆ ಹಾಕಬೇಕು.

ಎರಡನೆಯದು ಛಾಯೆಗಳ ಹಂಚಿಕೆ. ತಿಳಿಗಪ್ಪು ಇಂಕಿನ ಶಕ್ತಿ ಪೂರ್ಣ ಕಪ್ಪಿನ ಸುಮಾರು ಮೂರನೆಯ ಒಂದು ಪಾಲು, ಅತಿ ತಿಳಿಗಪ್ಪಿನದು ಸುಮಾರು ಹತ್ತನೆಯ ಒಂದು ಪಾಲು ಎಂದಿಟ್ಟುಕೊಳ್ಳೋಣ. ಆಗ ಬಿಳುಪಿಗೆ ಸಮೀಪವಾದ ಛಾಯೆಗಳನ್ನು ಅತಿ ತಿಳಿಗಪ್ಪೇ ನಿರ್ವಹಿಸುತ್ತದೆ. ಅದು ತನ್ನ ಸಾಮರ್ಥ್ಯದ ತುದಿ ಮುಟ್ಟುವ ಮೊದಲೇ ತಿಳಿಗಪ್ಪು ಮೆಲ್ಲನೆ ಬಂದು ಸೇರಿ ನಡುವಣ ಛಾಯೆಗಳ ಭಾರವನ್ನು ಹೊರುತ್ತದೆ. ಗಾಢವಾದ ನೆರಳುಗಳು ಆರಂಭವಾಗುವೆಡೆಯಲ್ಲಿ ಪೂರ್ಣ ಕಪ್ಪು ಪ್ರವೇಶಿಸುತ್ತದೆ. ಒಂದು ಇಂಕು ಇಳಿಯುವುದೂ ಇನ್ನೊಂದು ಏರುವುದೂ ಕಣ್ಣಿಗೆ ತಿಳಿಯದಂತೆ ಒಂದರ ಮೇಲೊಂದು ಹಾಯ್ದಿರಬೇಕು. ಹೀಗೆ ಮಾಡಿದಾಗ ತಿಳಿಯಾದ ಭಾಗಗಳಲ್ಲಿಯೂ ಹನಿಗಳು ಒತ್ತಾಗಿ ಬೀಳುವುದರಿಂದ ಚುಕ್ಕೆಗಳು ಕಾಣುವುದಿಲ್ಲ. ಕೆನ್ನೆಯ ಉಬ್ಬು, ರೇಷ್ಮೆಯ ಮಡಿಕೆ, ಮಂಜಿನ ತೆರೆ ಇವೆಲ್ಲವೂ ಬೆಳ್ಳಿಯ ಕಾಗದದಲ್ಲಿ ಇದ್ದಂತೆ ಅಖಂಡವಾಗಿ ಹರಿಯುತ್ತವೆ.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ರೇಖೀಕರಣ. ಚಿತ್ರದ ಕಡತದಲ್ಲಿ ಸಂಖ್ಯೆಗಳು ಸಮನಾದ ಅಂತರದಲ್ಲಿ ಏರಿದರೂ ಕಾಗದದ ಮೇಲೆ ಕಪ್ಪು ಹಾಗೆ ಏರಬೇಕೆಂಬ ನಿಯಮವಿಲ್ಲ. ಒದ್ದೆಯಾದ ಹನಿ ಕಾಗದದಲ್ಲಿ ಹರಡಿಕೊಳ್ಳುವುದರಿಂದ ನಡುವಣ ಛಾಯೆಗಳು ಅಗತ್ಯಕ್ಕಿಂತ ಬೇಗ ಕಪ್ಪಾಗುತ್ತವೆ, ನೆರಳಿನ ಮೆಟ್ಟಿಲುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಇದನ್ನು ಸರಿಪಡಿಸುವ ಸಲುವಾಗಿ ನೂರಕ್ಕೆ ಐದರಂತೆ ಏರುವ 21 ಮೆಟ್ಟಿಲುಗಳ ಪಟ್ಟಿಯೊಂದನ್ನು ಅಚ್ಚು ಹಾಕಿ, ಅದು ಪೂರ್ತಿ ಆರಿದ ಮೇಲೆ ಪ್ರತಿ ಮೆಟ್ಟಿಲನ್ನೂ ವರ್ಣಮಾಪಕದಿಂದ ಅಳೆಯುತ್ತಾರೆ. ಅಳತೆಯ ಮಾನ ಮನುಷ್ಯನ ಕಣ್ಣು ಹೊಳಪನ್ನು ಗ್ರಹಿಸುವ ಕ್ರಮವನ್ನು ಅನುಸರಿಸಿದ್ದು. ಅದರಲ್ಲಿ ನೂರು ಎಂದರೆ ಪರಿಪೂರ್ಣ ಬಿಳುಪು, ಸೊನ್ನೆ ಎಂದರೆ ಪರಿಪೂರ್ಣ ಕಪ್ಪು. ಹೊಳಪಿಲ್ಲದ ಹತ್ತಿಯ ಕಾಗದವೊಂದರ ಬಿಳುಪು 96, ಅದರ ಮೇಲಿನ ಅತಿಗಾಢ ಕಪ್ಪು 17 ಎಂದಾದರೆ, ನಡುವಣ ಇಪ್ಪತ್ತು ಅಂತರಗಳಲ್ಲಿ ಪ್ರತಿಯೊಂದಕ್ಕೂ ಸುಮಾರು 4ರಷ್ಟು ಇಳಿತ ಬರತಕ್ಕದ್ದು. ಅಳೆದ ಸಂಖ್ಯೆಗಳನ್ನು ಒಪ್ಪಿಸಿದೊಡನೆ ತಂತ್ರಾಂಶ ಇಂಕುಗಳ ವಕ್ರರೇಖೆಗಳನ್ನು ಅದಕ್ಕೆ ತಕ್ಕಂತೆ ಬಾಗಿಸುತ್ತದೆ. ಹರ್ಟರ್ ಮತ್ತು ಡ್ರಿಫೀಲ್ಡರು ಬೆಳ್ಳಿಗೆ ಎಳೆದ ರೇಖೆಯ ವಂಶದಲ್ಲಿಯೇ ಇದೂ ಹುಟ್ಟಿದೆ. ವರ್ಣಮಾಪಕ ಇಲ್ಲದವರು ಸಮತಟ್ಟಾದ ಸ್ಕ್ಯಾನರನ್ನು ಎಚ್ಚರಿಕೆಯಿಂದ ಬಳಸಿ ಸ್ಥೂಲವಾಗಿಯಾದರೂ ಇದನ್ನು ಸಾಧಿಸಬಹುದು.

ನಾಲ್ಕನೆಯದು ಛಾಯೆಯ ಸ್ವಭಾವವನ್ನು ತಿದ್ದುವುದು. ಇಂಗಾಲದ ಕಪ್ಪು ತಿಳಿಯಾದಾಗ ಕಂದಿನತ್ತ ವಾಲುವುದು ಸಾಮಾನ್ಯ. ಸಮವರ್ಣ ಬೇಕಾದವರು ಅದಕ್ಕೆ ತಿಳಿ ಸಯಾನ್, ತಿಳಿ ಮೆಜೆಂಟಾಗಳನ್ನು ಅತ್ಯಲ್ಪವಾಗಿ ಸೇರಿಸಬೇಕು. ಬೆಚ್ಚನೆಯ ಒಂದು ಸೂತ್ರವನ್ನೂ ತಣ್ಣನೆಯ ಒಂದು ಸೂತ್ರವನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಿ, ನೆರಳು ತಣ್ಣಗೆ, ಬೆಳಕು ಬೆಚ್ಚಗೆ ಇರುವಂತೆಯೂ ಮಾಡಬಹುದು. ಕತ್ತಲೆಕೋಣೆಯಲ್ಲಿ ಸೆಲೆನಿಯಂ, ಚಿನ್ನ ಮೊದಲಾದ ದ್ರಾವಣಗಳಲ್ಲಿ ಪ್ರಿಂಟನ್ನು ಅದ್ದಿ ಪಡೆಯುತ್ತಿದ್ದ ಪರಿಣಾಮಗಳಿಗೆ ಇದು ಸಮಾನವಾದ ಸಾಧನ.

ಇಷ್ಟು ಶ್ರಮ ಬೇಡವೆನ್ನುವವರಿಗೆ ಯಂತ್ರದ ಜೊತೆಗೇ ಬರುವ ಕಪ್ಪು-ಬಿಳುಪು ವಿಧಾನ ಸಾಕೆನಿಸೀತು. ಅದರ ಫಲವನ್ನು ಹೀಗಳೆಯುವುದಕ್ಕೆ ಕಾರಣವಿಲ್ಲ. ಸಮವರ್ಣ, ತಂಪು, ಬೆಚ್ಚು, ಸೆಪಿಯಾ ಎಂಬ ಆಯ್ಕೆಗಳೊಡನೆ ಅದು ಬಹುಮಟ್ಟಿಗೆ ತೃಪ್ತಿಕರವಾದ ಪ್ರಿಂಟನ್ನೇ ಕೊಡುತ್ತದೆ. ಆದರೆ ಅಲ್ಲಿಯೂ 21 ಮೆಟ್ಟಿಲುಗಳ ಪಟ್ಟಿಯನ್ನು ಒಮ್ಮೆ ಅಚ್ಚು ಹಾಕಿ ಅಳೆದು, ಹ್ಯಾರಿಂಗ್ಟನ್ನನ ತಂತ್ರಾಂಶದೊಡನೆ ದೊರೆಯುವ ಉಪಕರಣದಿಂದ ಬೂದುಬಣ್ಣದ ಪ್ರೊಫೈಲೊಂದನ್ನು ಸಿದ್ಧಪಡಿಸಿಕೊಂಡರೆ ಫಲ ಇನ್ನಷ್ಟು ನಿಯತವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ವರ್ಣನಿರ್ವಹಣೆಯ ಹೊಣೆಯನ್ನು ಚಿತ್ರ ತಿದ್ದುವ ತಂತ್ರಾಂಶಕ್ಕಾಗಲಿ ಡ್ರೈವರಿಗಾಗಲಿ ಒಂದಕ್ಕೇ ಒಪ್ಪಿಸಬೇಕು. ಇಬ್ಬರೂ ಒಮ್ಮೆಗೇ ತಿದ್ದಲು ಹೊರಟರೆ ತಿದ್ದಿದ್ದೇ ಕೆಡುತ್ತದೆ.

ಕಾಗದ, ಬಾಳಿಕೆ, ಹವೆ

ತಂತ್ರಾಂಶ ಎಷ್ಟೇ ಚತುರವಾಗಿದ್ದರೂ ಕಾಗದದ ಸ್ವಭಾವವನ್ನು ಮೀರಲಾರದು. ಹೊಳಪಿಲ್ಲದ ಕಾಗದದ ಮೇಲೆ ದೊರೆಯುವ ಅತಿ ಹೆಚ್ಚಿನ ಸಾಂದ್ರತೆ ಸುಮಾರು 1.6ರಿಂದ 1.7, ಅಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡೂವರೆಯಷ್ಟು ಹಿಂದಿರುಗಿ ಬರುತ್ತಲೇ ಇರುತ್ತದೆ. ಬೇರಿಯಂ ಸಲ್ಫೇಟಿನ ಲೇಪವಿರುವ ಬ್ಯಾರೈಟಾ ಕಾಗದದ ಮೇಲೆ, ಅದಕ್ಕೊಪ್ಪುವ ಕಪ್ಪು ಇಂಕನ್ನು ಬಳಸಿದರೆ ಸಾಂದ್ರತೆ 2.3ರ ಸಮೀಪಕ್ಕೆ ಏರಿ, ಹಿಂದಿರುಗುವ ಬೆಳಕು ನೂರಕ್ಕೆ ಅರ್ಧಕ್ಕೆ ಇಳಿಯುತ್ತದೆ. ಕಲ್ಲಿನ ಕಂಬಗಳ ನಡುವಣ ಗಾಢವಾದ ನೆರಳನ್ನು ತೋರಿಸಬೇಕಾದವರಿಗೆ ಬ್ಯಾರೈಟಾ ಹಿತವಾದೀತು; ಮಂಜು ಮುಸುಕಿದ ಬೆಟ್ಟಸಾಲಿನ ಮೃದುವಾದ ಛಾಯೆಗಳಿಗೆ ಹತ್ತಿಯ ಕಾಗದ ಒಪ್ಪೀತು. ಹೆಚ್ಚು ಬೆಳ್ಳಗೆ ಕಾಣಲೆಂದು ಕೆಲವು ಕಾಗದಗಳಿಗೆ ಬೆರೆಸಿರುವ, ಅತಿನೇರಳೆ ಕಿರಣವನ್ನು ಹೀರಿ ನೀಲಿಯಾಗಿ ಹೊಳೆಯುವ ದ್ರವ್ಯಗಳು ಕಾಲಕ್ರಮದಲ್ಲಿ ಸತ್ತ್ವ ಕಳೆದುಕೊಳ್ಳುವುದರಿಂದ, ಬಹುಕಾಲ ಉಳಿಯಬೇಕಾದ ಚಿತ್ರಗಳಿಗೆ ಅಂಥ ಕಾಗದವನ್ನು ಆರಿಸದಿರುವುದು ಲೇಸು.

ಬಾಳಿಕೆಯ ವಿಷಯದಲ್ಲಿ ಇಂಗಾಲಕ್ಕೆ ಸರಿಗಟ್ಟುವ ವರ್ಣದ್ರವ್ಯ ವಿರಳ. ನಮ್ಮ ಪೂರ್ವಿಕರು ಕಂಟದಿಂದ ತಾಳೆಯೋಲೆಯ ಮೇಲೆ ಕೊರೆದ ಅಕ್ಷರಗಳಿಗೆ ದೀಪದ ಕಾಡಿಗೆಯನ್ನು ತುಂಬಿದರು. ಓಲೆ ಮುರಿದು ಪುಡಿಯಾದ ಗ್ರಂಥಗಳಲ್ಲಿಯೂ ಅಕ್ಷರದ ಕಪ್ಪು ಮಾಸದೆ ನಿಂತಿರುವುದನ್ನು ಹಸ್ತಪ್ರತಿಗಳ ಭಂಡಾರಗಳಲ್ಲಿ ಕಾಣಬಹುದು. ಆ ಕಾಡಿಗೆಯೂ ಇಂದಿನ ಕಾರ್ಬನ್ ಇಂಕಿನ ಕಣವೂ ವಸ್ತುತಃ ಒಂದೇ. ಬಣ್ಣದ ಇಂಕುಗಳಲ್ಲಿ ಒಂದೊಂದು ಒಂದೊಂದು ವೇಗದಲ್ಲಿ ಮಾಸುವುದರಿಂದ, ಮೂರು ಬಣ್ಣಗಳಿಂದ ಕಟ್ಟಿದ ಬೂದು ವರ್ಷಗಳು ಕಳೆದಂತೆ ತಾನಾಗಿಯೇ ವರ್ಣಭ್ರಷ್ಟವಾಗುವ ಸಂಭವವುಂಟು. ಕಪ್ಪಿನಿಂದಲೇ ಕಟ್ಟಿದ ಬೂದಿಗೆ ಆ ಭಯ ಕಡಮೆ.

ಹವೆಯ ವಿಚಾರವನ್ನೂ ನಮ್ಮ ನಾಡಿನವರು ಮರೆಯಬಾರದು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ ಅಲೆಯಲೆಯಾಗುತ್ತದೆ, ಇಂಕು ಆರುವುದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಬಹುದಿನ ಸುಮ್ಮನಿದ್ದ ಯಂತ್ರದ ನಾಝಲುಗಳಲ್ಲಿ ಇಂಕು ಒಣಗಿ ಕಟ್ಟಿಕೊಳ್ಳುತ್ತದೆ. ಒಂದೇ ನಾಝಲಿನ ಸಾಲು ಕಟ್ಟಿದರೂ ಕಪ್ಪು-ಬಿಳುಪಿನ ಆಕಾಶದಲ್ಲಿ ಅದು ಗೆರೆಯಾಗಿ ಮೂಡುವುದರಿಂದ, ದೊಡ್ಡ ಚಿತ್ರಕ್ಕೆ ಕೈಹಾಕುವ ಮುನ್ನ ಪರೀಕ್ಷೆಯ ವಿನ್ಯಾಸವನ್ನು ಅಚ್ಚು ಹಾಕಿ ನೋಡುವುದೂ, ಕಾಗದವನ್ನು ಮುಚ್ಚಿದ ಚೀಲದಲ್ಲಿ ಕಾಪಾಡುವುದೂ, ಯಂತ್ರಕ್ಕೆ ಆಗಾಗ ಕೆಲಸ ಕೊಡುತ್ತಿರುವುದೂ ಅವಶ್ಯವಾದ ಅಭ್ಯಾಸಗಳು.

ಅಳತೆಯಾಚೆಗಿನ ನಿರ್ಣಯ

ರೇಖೀಕರಣ ಮುಗಿದೊಡನೆ ಚಿತ್ರ ಸುಂದರವಾಗುವುದೆಂದು ಭಾವಿಸಿದರೆ ಅದು ಭ್ರಮೆ. ಯಂತ್ರ ನಿಯತವಾಗಿ ನಡೆಯುವಂತೆ ಮಾಡುವುದಷ್ಟೇ ಅಳತೆಯ ಫಲ; ಇಲ್ಲಿ ಒಂದು ಛಾಯೆಯನ್ನು ತುಸು ತಿಳಿಯಾಗಿಸಿದರೆ ಅಲ್ಲಿಯೂ ಅಷ್ಟೇ ತಿಳಿಯಾಗುವುದೆಂಬ ಭರವಸೆ ದೊರೆತ ಮೇಲೆ, ಯಾವ ಛಾಯೆ ಹೇಗಿರಬೇಕೆಂದು ಆಲೋಚಿಸುವುದಕ್ಕೆ ಮನಸ್ಸಿಗೆ ಬಿಡುವು ಸಿಗುತ್ತದೆ. ಮುದುಕಿಯೊಬ್ಬಳ ಕೈಯ ಸುಕ್ಕುಗಳಲ್ಲಿ ಎಷ್ಟು ಕಪ್ಪು ತಂಗಬೇಕು, ಬಾಗಿಲಿನ ಕತ್ತಲೆಯೊಳಗೆ ನಿಂತ ಮಗುವಿನ ಮುಖ ಎಷ್ಟರಮಟ್ಟಿಗೆ ಕಾಣಬೇಕು ಎಂಬುದನ್ನು ಯಾವ ವರ್ಣಮಾಪಕವೂ ಹೇಳಲಾರದು. ಅದನ್ನು ತಿಳಿಯಲು ಚಿಕ್ಕ ಪಟ್ಟಿಗಳಲ್ಲಿ ಪರೀಕ್ಷೆ ಮಾಡಬೇಕು. ಒಂದು ರಾತ್ರಿ ಆರಲು ಬಿಡಬೇಕು. ಚಿತ್ರವನ್ನು ತೂಗುಹಾಕುವ ಕೋಣೆಯ ಬೆಳಕಿನಲ್ಲಿಯೇ ಇಟ್ಟು ನೋಡಬೇಕು. ಕಣ್ಣು ಕೋರೈಸುವಷ್ಟು ಹೊಳೆಯುವ ಪರದೆಯನ್ನು ನಂಬಿ ತಿದ್ದಿದ ಚಿತ್ರ ಕಾಗದದ ಮೇಲೆ ಕತ್ತಲಾಗಿ ಬರುವುದು ಅತಿ ಸಾಮಾನ್ಯವಾದ ತಪ್ಪಾದುದರಿಂದ, ಪರದೆಯ ಹೊಳಪನ್ನು ಕಾಗದದ ಹೊಳಪಿಗೆ ಸರಿಹೊಂದುವಷ್ಟು ತಗ್ಗಿಸಿಕೊಳ್ಳಬೇಕು.

ಈ ತಂತ್ರಾಂಶಗಳು ಹಳೆಯ ಪದ್ಧತಿಗಳಿಗೂ ಹೊಸ ಉಸಿರು ಕೊಟ್ಟಿವೆ. ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್ ಯಂತ್ರದಿಂದಲೇ ದೊಡ್ಡ ನೆಗೆಟಿವನ್ನು ಅಚ್ಚು ಹಾಕಿ, ಅದನ್ನು ಕೈಯಾರೆ ಲೇಪಿಸಿದ ಕಾಗದಕ್ಕೆ ಒತ್ತಿ ಬಿಸಿಲಿಗೆ ಒಡ್ಡಿದರೆ, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿಮುದ್ರಣವೂ, 1873ರಲ್ಲಿ ವಿಲಿಯಂ ವಿಲ್ಲಿಸ್ ಹಕ್ಕುಪತ್ರ ಪಡೆದ ಪ್ಲಾಟಿನಂ ಮುದ್ರಣವೂ ಇಂದಿನವರಿಗೆ ಎಟುಕುತ್ತವೆ. ಡ್ಯಾನ್ ಬರ್ಕ್‌ಹೋಲ್ಡರ್ 1995ರಲ್ಲಿ ಪುಸ್ತಕ ಬರೆದು ಈ ದಾರಿಯನ್ನು ಅನೇಕರಿಗೆ ತೋರಿಸಿದನು; ಇಂಕುಗಳನ್ನು ಬಿಡಿಬಿಡಿಯಾಗಿ ಆಳಬಲ್ಲ ಕ್ವಾಡ್‌ಟೋನ್ ರಿಪ್ ಆ ದಾರಿಯನ್ನು ಸುಗಮಗೊಳಿಸಿತು.

ಕನ್ನಡನಾಡಿಗೆ ಈ ವಿದ್ಯೆಯ ಪ್ರಯೋಜನ ಏನೆಂದು ಕೇಳುವವರಿಗೆ ಉತ್ತರ ಹತ್ತಿರದಲ್ಲೇ ಇದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಟಿ. ಎಸ್. ಸತ್ಯನ್ ಅವರಂಥ ಛಾಯಾಗ್ರಾಹಕರು ಸಾಮಾನ್ಯ ಜನರ ಬಾಳನ್ನು ಕಪ್ಪು-ಬಿಳುಪಿನಲ್ಲಿಯೇ ಕಂಡು ದಾಖಲಿಸಿದರು. ಪೇಟೆ ಪೇಟೆಯ ಸ್ಟುಡಿಯೋಗಳು ಎರಡು ಮೂರು ತಲೆಮಾರುಗಳ ಮದುವೆ, ಶಾಲೆ, ಕುಟುಂಬಗಳ ಮುಖಗಳನ್ನು ಬೆಳ್ಳಿಯ ನೆಗೆಟಿವುಗಳಲ್ಲಿ ಉಳಿಸಿಹೋಗಿವೆ. ಕತ್ತಲೆಕೋಣೆಗಳು ಒಂದೊಂದಾಗಿ ಮುಚ್ಚಿರುವ ಈ ಕಾಲದಲ್ಲಿ ಆ ಚಿತ್ರಗಳು ಮತ್ತೆ ಕಾಗದಕ್ಕೆ ಬರಬೇಕಾದರೆ ಬಹುಪಾಲು ಸ್ಕ್ಯಾನರು ಮತ್ತು ಇಂಕ್‌ಜೆಟ್ ಯಂತ್ರಗಳ ಮೂಲಕವೇ ಬರಬೇಕು. ಹಾಗೆ ಬರುವಾಗ ಅವು ಹಸಿರು ಹಿಡಿದ ಹಣೆಯೊಡನೆ, ಹೂತುಹೋದ ನೆರಳಿನೊಡನೆ ಬಂದರೆ, ಆ ಛಾಯಾಗ್ರಾಹಕರು ಬೆಳಕನ್ನು ಅಳೆದು ತೂಗಿ ಪಟ್ಟ ಶ್ರಮಕ್ಕೆ ನಾವು ಅನ್ಯಾಯ ಮಾಡಿದಂತಾಗುತ್ತದೆ. ಲಕ್ಷಾಂತರ ರೂಪಾಯಿಗಳ ಉಪಕರಣ ಇದಕ್ಕೆ ಅಗತ್ಯವಿಲ್ಲ. ಕಪ್ಪಿನ ಒಂದಕ್ಕಿಂತ ಹೆಚ್ಚು ಛಾಯೆಗಳುಳ್ಳ ಯಂತ್ರ, ಅದನ್ನು ಅರಿತು ನಡೆಸುವ ತಂತ್ರಾಂಶ, ಒಂದೇ ಒಂದು ಕಾಗದವನ್ನು ಆರಿಸಿಕೊಂಡು ಅದರ ಗುಣದೋಷಗಳನ್ನು ಪೂರ್ತಿ ತಿಳಿಯುವ ತಾಳ್ಮೆ, ಇಷ್ಟಿದ್ದರೆ ಸಾಕು. ನಮ್ಮ ಸ್ಟುಡಿಯೋಗಳೂ ಗ್ರಂಥಭಂಡಾರಗಳೂ ಕಲಾಶಾಲೆಗಳೂ ಈ ವಿದ್ಯೆಯನ್ನು ಕ್ರಮವಾಗಿ ಕಲಿತು ಕಲಿಸುವುದು, ಹಳೆಯ ನೆಗೆಟಿವುಗಳು ಇನ್ನೂ ಕೈಯಲ್ಲಿರುವಾಗಲೇ ಕೈಗೊಳ್ಳತಕ್ಕ ಕರ್ತವ್ಯವಾಗಿದೆ.